ದಿವಾಳಿಯ ನಂತರದ ನಾಲ್ಕು ವರ್ಷ

ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ವಾಯುಸೇವನೆಗೆ ಹೋಗಿ ಬಂದವರ ಚಪ್ಪಲಿಗೆ ಕಲ್ಲಿನ ಪುಡಿ ಅಂಟದೆ ಇರದು. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು ಲಾರಿಗಳಲ್ಲಿ ಬಂದಿಳಿದು, ಇಲ್ಲಿನ ಘಟಕಗಳಲ್ಲಿ ಹಲಗೆಗಳಾಗಿ ಸೀಳಿ, ಹೊಳಪು ಪಡೆದು, ದೂರದೇಶಗಳ ಅಡಿಗೆಮನೆಗಳಿಗೆ ಹೋಗುತ್ತವೆ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ನಾನು ಮನೆ ಮಾಡಿಕೊಂಡಿರುವುದು ಈ ಪ್ರದೇಶಕ್ಕೆ ಹೊಂದಿಕೊಂಡ ಒಂದು ಬಡಾವಣೆಯಲ್ಲಿ. ಕಲ್ಲು ಕೊಯ್ಯುವ ಯಂತ್ರಗಳ ಸದ್ದು ಮೊದಮೊದಲು ನಿದ್ದೆಗೆಡಿಸುತ್ತಿತ್ತು. ಈಗ ಯಾವುದಾದರೊಂದು ಯಂತ್ರ ನಿಂತುಹೋದರೆ ಎಚ್ಚರವಾಗುತ್ತದೆ.

ಹಾಗೆ ನಿಂತುಹೋದ ಯಂತ್ರಗಳಲ್ಲಿ ನಮ್ಮ ಬೀದಿಯವರೇ ಆದ ಒಬ್ಬ ಸಣ್ಣ ಉದ್ಯಮಿಯದೂ ಒಂದು. 2008ರಲ್ಲಿ ಅಮೆರಿಕದ ಗೃಹನಿರ್ಮಾಣ ಕುಸಿದಾಗ ಅವರು ಹೇಗೋ ಉಳಿದುಕೊಂಡರು. ಆಮೇಲೆ ಕೃತಕ ಕ್ವಾರ್ಟ್ಜ್ ಹಲಗೆ ಮಾರುಕಟ್ಟೆಗೆ ಬಂದು ಗ್ರಾನೈಟಿನ ಬೇಡಿಕೆಯನ್ನು ತಿನ್ನತೊಡಗಿತು. 2020ರ ಕೊರೊನಾ ವರ್ಷ ಉಳಿದದ್ದನ್ನೂ ಮುಗಿಸಿತು. ಅವರದು ಕಂಪನಿಯಲ್ಲ, ಸ್ವಂತ ಮಾಲೀಕತ್ವದ ಘಟಕ. ಆದ್ದರಿಂದ ಘಟಕದ ಸಾಲವೆಲ್ಲ ಅವರ ಸ್ವಂತ ಸಾಲ. ಹಲವು ವರ್ಷ ಕುಂಟುತ್ತ ನಡೆಸಿ, ಕೊನೆಗೆ ಬಾಗಿಲು ಹಾಕಿದರು.

ಈಚೆಗೆ ಒಂದು ಸಂಜೆ ಅವರು ನಮ್ಮ ಮನೆಗೆ ಬಂದದ್ದು ಒಂದು ಪ್ರಶ್ನೆಯೊಂದಿಗೆ. ಹೊರರಾಜ್ಯದ ದೊಡ್ಡ ಗ್ರಾನೈಟ್ ಸಂಸ್ಥೆಯೊಂದು ಅವರಿಗೆ ವ್ಯವಸ್ಥಾಪಕನ ಹುದ್ದೆ ಕೊಡಲು ಮುಂದೆ ಬಂದಿತ್ತು. ಮುಂದಿನ ತಿಂಗಳಿಂದ ಒಳ್ಳೆಯ ಸಂಬಳ. ಪಾಪರ್ ಅರ್ಜಿ ಹಾಕುವುದಿದ್ದರೆ ಮೊದಲ ಸಂಬಳ ಕೈಗೆ ಬರುವ ಮುನ್ನವೇ, ಆದಾಯ ಶೂನ್ಯವಾಗಿರುವ ಈಗಲೇ ಹಾಕಿಬಿಡಬೇಕೆಂದು ವಕೀಲರು ಹೇಳಿದ್ದರಂತೆ. ಉಳಿದಿರುವ ಒಂದು ನಿವೇಶನವನ್ನು ಹೆಂಡತಿಯ ಹೆಸರಿಗೆ ಮಾಡಿಬಿಡು ಎಂದು ಬಂಧುಗಳು ಸಲಹೆ ಕೊಟ್ಟಿದ್ದರಂತೆ. ಅರ್ಜಿ ಈಗ ಹಾಕುವುದೋ, ಸಂಬಳ ಬರತೊಡಗಿದ ಮೇಲೋ, ಅಥವಾ ಹಾಕುವುದೇ ತಪ್ಪೋ ಎಂಬುದು ಅವರ ಪ್ರಶ್ನೆ. ನಾನು ಅರ್ಥಶಾಸ್ತ್ರ ಓದಿ ಸರ್ಕಾರದಲ್ಲಿ ಮೂರು ದಶಕ ದುಡಿದವನು, ಆದ್ದರಿಂದ ನನಗೆ ತಿಳಿದಿರುತ್ತದೆ ಎಂಬ ನಂಬಿಕೆ ಅವರದು.

ಕಾನೂನಿನ ಮಟ್ಟಿಗೆ ಉತ್ತರ ಹೇಳುವುದು ಕಷ್ಟವಲ್ಲ. ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಅರ್ಜಿ ಹಾಕಲು ಸಾಲ ತೀರಿಸುವ ಶಕ್ತಿ ಇಲ್ಲದಿರಬೇಕು ಮತ್ತು ಸಾಲ 500 ರೂಪಾಯಿ ಮುಟ್ಟಿರಬೇಕು. ಈ ಮೊತ್ತವೇ ಕಾಯ್ದೆಯ ವಯಸ್ಸನ್ನು ಹೇಳುತ್ತದೆ. ಆದರೆ ಅದರ ಒಳಗಿನ ವಿವೇಕ ಹಳತಾಗಿಲ್ಲ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಪ್ರತಿಫಲವಿಲ್ಲದೆ ಆಸ್ತಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸಿದ್ದರೆ ನ್ಯಾಯಾಲಯ ಅದನ್ನು ರದ್ದು ಮಾಡಬಹುದು. ದಿವಾಳಿಯೆಂದು ಘೋಷಿತನಾದವನು ಬಿಡುಗಡೆ ಹೊಂದುವವರೆಗೆ ಗಳಿಸುವ ಹೊಸ ಆಸ್ತಿಯೂ ರಿಸೀವರ್ ವಶಕ್ಕೆ ಹೋಗುತ್ತದೆ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ರಕ್ಷಣೆ ಇದೆ. ನನ್ನಂಥವರ ಸರ್ಕಾರಿ ಪಿಂಚಣಿಯನ್ನಂತೂ ಜಪ್ತಿ ಮಾಡುವಂತಿಲ್ಲ.

2016ರ ದಿವಾಳಿ ಸಂಹಿತೆ ಇನ್ನೂ ಮುಂದೆ ಹೋಗಿ, ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇರುವ, ಸ್ವಂತ ಮನೆಯಿಲ್ಲದ ಬಡವನಿಗೆ ಹೊಸದಾಗಿ ಬದುಕು ಆರಂಭಿಸುವ ದಾರಿಯನ್ನು ಕಾಗದದ ಮೇಲೆ ಬರೆಯಿತು. ನಡುವೆ ಅವನ ಆರ್ಥಿಕ ಸ್ಥಿತಿ ಸುಧಾರಿಸಿದರೆ ಆ ಸೌಲಭ್ಯ ಹಿಂದಕ್ಕೆ ಹೋಗುತ್ತದೆಂದೂ ಬರೆಯಿತು. ಆದರೆ 2019ರ ಡಿಸೆಂಬರ್ 1ರಂದು ಈ ವೈಯಕ್ತಿಕ ಭಾಗ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ನಮ್ಮಲ್ಲಿ 1976ರಲ್ಲಿ ದೇವರಾಜ ಅರಸರ ಸರ್ಕಾರ ತಂದ ಋಣ ಪರಿಹಾರ ಕಾಯ್ದೆಯಾಗಲಿ, 2019ರಲ್ಲಿ ಜಾರಿಗೆ ಬಂದ ಅದೇ ಬಗೆಯ ಕಾಯ್ದೆಯಾಗಲಿ ಖಾಸಗಿ ಲೇವಾದೇವಿಯ ಸಾಲಕ್ಕೆ ಸಿಕ್ಕ ಬಡವರನ್ನು ಕುರಿತವು. ನಮ್ಮ ಕಲ್ಲಿನ ಉದ್ಯಮಿಯನ್ನಲ್ಲ.

ಹೀಗೆ ಕಾನೂನು ಹೇಳಿದೆ. ಆದರೆ ಅವರು ಕೇಳಿದ ಪ್ರಶ್ನೆಯ ಮುಕ್ಕಾಲು ಪಾಲು ಕಾನೂನಿನದಾಗಿರಲಿಲ್ಲ. ಆದಾಯ ಬರುವ ಹೊತ್ತನ್ನು ನೋಡಿಕೊಂಡು ಅರ್ಜಿ ಹಾಕುವವನು ಜಾಣನೋ, ಮೋಸಗಾರನೋ ಎಂಬುದು ಅವರನ್ನು ಕಾಡುತ್ತಿತ್ತು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಕಪಾಟಿನಿಂದ ಮಾರ್ಕ್ ಟ್ವೇನ್ ಅವರ ಜೀವನಚರಿತ್ರೆಯೊಂದನ್ನು ತೆಗೆದುಕೊಟ್ಟೆ. ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಎಂಬ ತುಂಟ ಹುಡುಗರ ಸೃಷ್ಟಿಕರ್ತನಾಗಿ ನಾವೆಲ್ಲ ಬಲ್ಲ ಆ ಲೇಖಕ ತನ್ನ 58ನೇ ವಯಸ್ಸಿನಲ್ಲಿ ದಿವಾಳಿಯಾದವನು. ಆ ದಿವಾಳಿಯ ಹೊತ್ತನ್ನು ಬಹಳ ಲೆಕ್ಕ ಹಾಕಿಯೇ ಗೊತ್ತುಮಾಡಲಾಗಿತ್ತು.

ಅವನ ನಿಜ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಅಮೆರಿಕದ ಮಿಸೌರಿ ರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದ ಅವನು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಊರಿನಲ್ಲಿ ಬೆಳೆದ. ತಂದೆ ಪ್ರಾಮಾಣಿಕ, ಗಂಭೀರ ಸ್ವಭಾವದ ಮನುಷ್ಯ; ವ್ಯವಹಾರ ಮಾತ್ರ ಕೈಹಿಡಿಯಲಿಲ್ಲ. ಪರಿಚಿತನೊಬ್ಬನ ಸಾಲಕ್ಕೆ ಅವರು ಜಾಮೀನು ನಿಂತರೆಂದೂ, ಆತ ಅಂದಿನ ದಿವಾಳಿ ಕಾಯ್ದೆಯ ಮರೆ ಹೊಕ್ಕು ಪಾರಾಗಿ ಇವರನ್ನು ಮುಳುಗಿಸಿದನೆಂದೂ ಟ್ವೇನ್ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ. ಟೆನೆಸಿಯಲ್ಲಿ ಕೊಂಡಿಟ್ಟಿದ್ದ ಸಾವಿರಾರು ಎಕರೆ ಕಾಡುಭೂಮಿ ಎಂದಾದರೊಂದು ದಿನ ಮನೆತನವನ್ನು ಎತ್ತುತ್ತದೆಂದು ನಂಬಿಯೇ ಆ ತಂದೆ 1847ರಲ್ಲಿ ಕಣ್ಣು ಮುಚ್ಚಿದರು. ಹುಡುಗನಿಗೆ ಆಗ 11 ವರ್ಷ.

ಇದನ್ನು ಓದುವಾಗಲೆಲ್ಲ ನನಗೆ ನನ್ನ ತಂದೆ ನೆನಪಾಗುತ್ತಾರೆ. ಅವರು ಹಳ್ಳಿಯ ಶಾಲಾ ಶಿಕ್ಷಕರು. ಪರಿಚಿತರೊಬ್ಬರ ಸಾಲದ ಪತ್ರಕ್ಕೆ ಮುಲಾಜಿಗೆ ರುಜು ಹಾಕಿ, ಆತ ಕೈ ಎತ್ತಿದಾಗ ಏಳು ವರ್ಷ ಸಂಬಳದಲ್ಲಿ ಕಡಿತ ಮಾಡಿಸಿಕೊಂಡರು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹಬ್ಬಗಳು ಬಂದವು, ಹೊಸ ಬಟ್ಟೆ ಬರಲಿಲ್ಲ. ಪಾಪರ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅಮ್ಮನ ಬಾಯಲ್ಲಿ. ಆಕೆ ಅದನ್ನು ಬೈಗುಳದಂತೆ ಬಳಸುತ್ತಿದ್ದಳು. ದಿವಾಳಿಯಾದವನಿಂದ ಪೆಟ್ಟು ತಿಂದ ಮನೆಯ ಮಗನಿಗೆ ಆ ಕಾಯ್ದೆಯ ಬಗ್ಗೆ ತಟಸ್ಥವಾಗಿ ಯೋಚಿಸುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ.

ತಂದೆ ತೀರಿದ ಬಳಿಕ ಹುಡುಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ಈ ಸಂಗತಿ ಮುಂದಿನ ಅನಾಹುತಕ್ಕೆ ಬೀಜ. 1859ರಲ್ಲಿ ಮಿಸಿಸಿಪಿಯ ಉಗಿದೋಣಿಗಳನ್ನು ನಡೆಸುವ ಪರವಾನಗಿ ಪಡೆದ. 1861ರಲ್ಲಿ ಅಂತರ್ಯುದ್ಧ ಬಂದು ನದಿಯ ಸಂಚಾರ ನಿಂತಾಗ ಪಶ್ಚಿಮದ ನೆವಾಡಕ್ಕೆ ಹೋಗಿ ಬೆಳ್ಳಿಯ ಗಣಿಯಲ್ಲಿ ಅದೃಷ್ಟ ಹುಡುಕಿದ, ಸಿಗಲಿಲ್ಲ. ಪತ್ರಿಕೆಗೆ ಬರೆಯತೊಡಗಿದ. 1863ರಿಂದ ಮಾರ್ಕ್ ಟ್ವೇನ್ ಎಂಬ ಹೆಸರಿಟ್ಟುಕೊಂಡ. 1869ರಲ್ಲಿ ಬಂದ ಪ್ರವಾಸಕಥನ ಅವನಿಗೆ ದೇಶವ್ಯಾಪಿ ಕೀರ್ತಿ ತಂದಿತು. ಮರುವರ್ಷ ಕಲ್ಲಿದ್ದಲ ವ್ಯಾಪಾರಿಯ ಮಗಳು ಒಲಿವಿಯಾಳನ್ನು ಮದುವೆಯಾದ. ಹಾರ್ಟ್‌ಫರ್ಡ್ ನಗರದಲ್ಲಿ 1874ರಲ್ಲಿ ಕಟ್ಟಿದ ಅವನ ಮನೆ ಊರಿನ ಪ್ರೇಕ್ಷಣೀಯ ಸ್ಥಳದಂತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಸ್ವಭಾವ ಅವನದಾಗಿರಲಿಲ್ಲ. ಬರವಣಿಗೆಯಿಂದ ಬಂದ ದುಡ್ಡು ಆತಿಥ್ಯಕ್ಕೂ ಹೊಸ ಹೊಸ ಯಂತ್ರೋಪಕರಣಗಳ ಮೇಲಿನ ಹೂಡಿಕೆಗೂ ಹರಿದುಹೋಗುತ್ತಿತ್ತು.

ಆ ಹೂಡಿಕೆಗಳಲ್ಲಿ ಒಂದು ಅವನನ್ನು ನುಂಗಿತು. ಜೇಮ್ಸ್ ಪೇಜ್ ಎಂಬ ಯಂತ್ರಜ್ಞ ಮೊಳೆ ಜೋಡಿಸುವ ಯಂತ್ರವೊಂದನ್ನು ರೂಪಿಸುತ್ತಿದ್ದ. ಸುಮಾರು 18,000 ಬಿಡಿಭಾಗಗಳಿದ್ದ ಆ ಯಂತ್ರ ಮನುಷ್ಯನ ಬೆರಳಿನಂತೆ ಕೆಲಸ ಮಾಡುತ್ತಿತ್ತು. ಮನುಷ್ಯನಂತೆಯೇ ಆಗಾಗ ಕೆಟ್ಟು ಕೂರುತ್ತಿತ್ತು. ಬಾಲ್ಯದಲ್ಲಿ ತಾನೇ ಮೊಳೆ ಜೋಡಿಸಿದ್ದ ಟ್ವೇನ್ ಅದರ ಬೆಲೆಯನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆನೆಂದುಕೊಂಡ. 1880ರಿಂದ ಸುಮಾರು 14 ವರ್ಷ ಅದಕ್ಕೆ ಹಣ ಸುರಿದ; ಒಟ್ಟು ಮೊತ್ತ 3 ಲಕ್ಷ ಡಾಲರಿನಷ್ಟಿತ್ತೆಂಬುದು ಸಾಮಾನ್ಯ ಅಂದಾಜು. ಅಷ್ಟರಲ್ಲಿ, 1886ರಲ್ಲಿಯೇ, ಮೆರ್ಗೆನ್‌ಥಾಲರನ ಲೈನೋಟೈಪ್ ಯಂತ್ರ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸ ಆರಂಭಿಸಿತ್ತು. ತಾನು ಬಲ್ಲ ಕಸುಬಿನಲ್ಲೇ ಮನುಷ್ಯ ಹೆಚ್ಚು ಮೋಸಹೋಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಕಲ್ಲನ್ನು ಬಲ್ಲ ನಮ್ಮ ಉದ್ಯಮಿಯೂ ಕೃತಕ ಕಲ್ಲನ್ನು ಯಾರು ಕೊಳ್ಳುತ್ತಾರೆಂದೇ ಬಹುಕಾಲ ನಂಬಿದ್ದರು.

ಎರಡನೆಯ ಹೊಡೆತ ಅವನದೇ ಪ್ರಕಾಶನ ಸಂಸ್ಥೆಯಿಂದ ಬಂತು. 1884ರಲ್ಲಿ ಬಂಧುವೊಬ್ಬನ ಹೆಸರಿನಲ್ಲಿ ಚಾರ್ಲ್ಸ್ ವೆಬ್‌ಸ್ಟರ್ ಅಂಡ್ ಕಂಪನಿ ಎಂಬ ಪಾಲುದಾರಿಕೆಯನ್ನು ಅವನು ಆರಂಭಿಸಿದ. ಮೊದಲ ವರ್ಷಗಳು ವೈಭವದವು. ಹಕಲ್‌ಬೆರಿ ಫಿನ್ ಬಂತು. ಅದರ ಬೆನ್ನಿಗೇ ಮಾಜಿ ರಾಷ್ಟ್ರಾಧ್ಯಕ್ಷ ಗ್ರಾಂಟ್ ಅವರ ಸ್ಮೃತಿಗಳು ಬಂದವು. ಗ್ರಾಂಟ್ ಕೂಡ ಪಾಲುದಾರನ ಮೋಸದಿಂದ 1884ರಲ್ಲಿ ಎಲ್ಲವನ್ನೂ ಕಳೆದುಕೊಂಡು, ಗಂಟಲಿನ ಕ್ಯಾನ್ಸರಿನಿಂದ ಸಾಯುತ್ತ, ಹೆಂಡತಿ ಮಕ್ಕಳಿಗೆ ಏನಾದರೂ ಉಳಿಯಲೆಂದು ಪುಸ್ತಕ ಬರೆದು ಮುಗಿಸಿದವರು. ಅವರು ತೀರಿಹೋದ ಮರುವರ್ಷ ಟ್ವೇನ್ ಆ ವಿಧವೆಗೆ ಕಳುಹಿಸಿದ ಮೊದಲ ಚೆಕ್ಕಿನ ಮೊತ್ತವೇ 2 ಲಕ್ಷ ಡಾಲರ್.

ಆನಂತರದ ಪುಸ್ತಕಗಳು ಹಾಗೆ ಓಡಲಿಲ್ಲ. ಲೆಕ್ಕ ಬರೆಯುವವನೊಬ್ಬ ಹಣ ನುಂಗಿದ. ಹನ್ನೊಂದು ಸಂಪುಟಗಳ ಅಮೆರಿಕನ್ ಸಾಹಿತ್ಯಮಾಲೆಯೊಂದನ್ನು ಸಂಸ್ಥೆ ಕಂತಿನ ಮೇಲೆ ಮಾರಿತು. ಮುದ್ರಣದ ವೆಚ್ಚ, ಏಜೆಂಟರ ಕಮಿಷನ್ ಮೊದಲೇ ಕೊಡಬೇಕು. ಓದುಗನ ದುಡ್ಡು ತಿಂಗಳು ತಿಂಗಳಾಗಿ ಬರಬೇಕು. ಹೀಗಾಗಿ ಮಾರಾಟ ಹೆಚ್ಚಿದಷ್ಟೂ ಸಾಲ ಹೆಚ್ಚಿತು. ದುಡಿಯುವ ಬಂಡವಾಳ ಕಟ್ಟಿಹಾಕಿಕೊಂಡು ಸಾಯುವ ಈ ರೋಗ ಜಿಗಣಿ, ಪೀಣ್ಯಗಳ ಯಾವ ಸಣ್ಣ ಉದ್ಯಮಿಗೂ ಹೊಸದಲ್ಲ. ಆದೇಶದ ಪುಸ್ತಕ ತುಂಬಿದ್ದಾಗಲೇ ಬೀಗ ಬಿದ್ದ ಘಟಕಗಳನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. 1893ರಲ್ಲಿ ಅಮೆರಿಕವನ್ನು ಹಣಕಾಸಿನ ಭೀತಿ ಆವರಿಸಿದಾಗ ಬ್ಯಾಂಕುಗಳು ಸಾಲಪತ್ರಗಳನ್ನು ನವೀಕರಿಸಲು ಒಪ್ಪಲಿಲ್ಲ. ಹೆಂಡತಿ ತನ್ನ ತವರಿನ ಪಾಲಿನಿಂದ ಸಂಸ್ಥೆಗೆ ಕೊಟ್ಟಿದ್ದ 60,000 ಡಾಲರಿಗೂ ಮಿಕ್ಕ ಹಣವೂ ಕರಗಿತ್ತು. ಖರ್ಚು ತಗ್ಗಿಸಲೆಂದು ಕುಟುಂಬ 1891ರಿಂದಲೇ ಹಾರ್ಟ್‌ಫರ್ಡ್ ಮನೆಯನ್ನು ಮುಚ್ಚಿ ಯೂರೋಪಿನಲ್ಲಿ ವಾಸವಾಗಿತ್ತು.

1893ರ ಸೆಪ್ಟೆಂಬರಿನಲ್ಲಿ ಟ್ವೇನ್‌ಗೆ ಹೆನ್ರಿ ರಾಜರ್ಸ್ ಎಂಬವನ ಪರಿಚಯವಾಯಿತು. ರಾಜರ್ಸ್ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹಿರಿಯ ಅಧಿಕಾರಿ. ವ್ಯವಹಾರದಲ್ಲಿ ಕರುಣೆಯಿಲ್ಲದವನೆಂದು ಹೆಸರಾದವನು. ಟ್ವೇನ್‌ನ ಪುಸ್ತಕಗಳೆಂದರೆ ಅವನಿಗೆ ಅಚ್ಚುಮೆಚ್ಚು. ಲೇಖಕನ ಕಾಗದಪತ್ರಗಳನ್ನೆಲ್ಲ ಅವನು ತನ್ನ ಮೇಜಿನ ಮೇಲೆ ಹರಡಿಕೊಂಡು ಕೂತ. ಸಂಸ್ಥೆ ಉಳಿಯುವುದಿಲ್ಲವೆಂದು ಅವನಿಗೆ ಬೇಗ ಅರ್ಥವಾಯಿತು. ಉಳಿದ ಪ್ರಶ್ನೆ, ಅದು ಯಾವಾಗ ಬೀಳಬೇಕು ಮತ್ತು ಬೀಳುವಾಗ ಯಾವುದು ಅದರ ಅಡಿಗೆ ಸಿಗಬಾರದು ಎಂಬುದು ಮಾತ್ರ.

1894ರ ಮಾರ್ಚಿನಲ್ಲಿ ಟ್ವೇನ್ ಅವನಿಗೆ ಪೂರ್ಣ ಮುಖತ್ಯಾರುಪತ್ರ ಬರೆದುಕೊಟ್ಟ. ಪುಸ್ತಕಗಳ ಹಕ್ಕುಸ್ವಾಮ್ಯ ಒಲಿವಿಯಾಳ ಹೆಸರಿಗೆ ಹೋಯಿತು. ಹಾರ್ಟ್‌ಫರ್ಡ್ ಮನೆ ಮೊದಲೇ ಅವಳದು. ಸಂಸ್ಥೆಗೆ ಸಾಲ ಕೊಟ್ಟವರಲ್ಲಿ ಅವಳೇ ದೊಡ್ಡವಳು, ಆದ್ದರಿಂದ ಅವಳ ಸಾಲಕ್ಕೆ ಮೊದಲ ಆದ್ಯತೆ ಎಂಬುದು ರಾಜರ್ಸ್ ಮುಂದಿಟ್ಟ ವಾದ. ಅನಂತರ ಏಪ್ರಿಲ್ 18ರಂದು ಸಂಸ್ಥೆ ತನ್ನ ಆಸ್ತಿಯನ್ನು ಸಾಲ ಕೊಟ್ಟವರ ಹಿತಕ್ಕಾಗಿ ಒಪ್ಪಿಸಿ ಬಾಗಿಲು ಹಾಕಿತು. ಪಾಲುದಾರಿಕೆಯಾದ್ದರಿಂದ ಹೊಣೆಗೆ ಮಿತಿಯಿರಲಿಲ್ಲ. ಸುಮಾರು ನೂರು ಮಂದಿಗೆ ಕೊಡಬೇಕಾಗಿದ್ದ ಸುಮಾರು 1 ಲಕ್ಷ ಡಾಲರ್ ಸಾಲ ಟ್ವೇನ್‌ನ ತಲೆಯ ಮೇಲೆ ನಿಂತಿತು. ಆ ವರ್ಷದ ಕೊನೆಗೆ ಪೇಜ್‌ನ ಯಂತ್ರವೂ ಷಿಕಾಗೋದ ಪತ್ರಿಕಾ ಕಚೇರಿಯೊಂದರ ಪರೀಕ್ಷೆಯಲ್ಲಿ ಸೋತಿತು.

ಇಲ್ಲಿ ಓದುಗರು ಕ್ಷಣ ನಿಲ್ಲಬೇಕು. ಅಂದು ಸಾಲ ಕೊಟ್ಟವರ ಕಣ್ಣಿಗೆ ಆ ಹಕ್ಕುಸ್ವಾಮ್ಯಗಳು ಅಷ್ಟೇನೂ ಬೆಲೆಬಾಳದವು. ಲೇಖಕನಿಗೆ ವಯಸ್ಸಾಗಿತ್ತು, ಆದಾಯ ತಗ್ಗಿತ್ತು. ಅವನ ಗಳಿಕೆಯ ಶಕ್ತಿ ತಳ ಮುಟ್ಟಿದ್ದ ಗಳಿಗೆಯಲ್ಲಿ, ಮುಂದಿನ ಗಳಿಕೆಯ ಮೂಲವನ್ನು ಬೇರೆ ಇಟ್ಟು, ದಿವಾಳಿಯ ಪತ್ರಕ್ಕೆ ರುಜು ಹಾಕಲಾಯಿತು. ನಮ್ಮ 1920ರ ಕಾಯ್ದೆಯ ಕನ್ನಡಕ ಹಾಕಿಕೊಂಡು ನೋಡಿದರೆ ಈ ವರ್ಗಾವಣೆಗೆ ನ್ಯಾಯಾಲಯದಲ್ಲಿ ಗಟ್ಟಿ ವಾದ ಮಂಡಿಸಬೇಕಾಗುತ್ತಿತ್ತು. ಹೆಂಡತಿ ನಿಜವಾಗಿಯೂ ಹಣ ಕೊಟ್ಟಿದ್ದಳು ಎಂಬ ಒಂದೇ ಸಂಗತಿ ಅದನ್ನು ಮೋಸದಿಂದ ಬೇರ್ಪಡಿಸುತ್ತದೆ. ಏನೂ ಕೊಡದ ಹೆಂಡತಿಯ ಹೆಸರಿಗೆ ನಿವೇಶನ ಬರೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಕತೆ ಇಲ್ಲಿಗೆ ಮುಗಿದಿದ್ದರೆ ಟ್ವೇನ್ ಒಬ್ಬ ಜಾಣ ಸಾಲಗಾರ ಮಾತ್ರ ಆಗಿ ಉಳಿಯುತ್ತಿದ್ದ. ಆದರೆ ಪ್ಯಾರಿಸ್ಸಿನಲ್ಲಿದ್ದ ಒಲಿವಿಯಾಳಿಗೆ ದಿವಾಳಿಯೆಂಬುದು ಅಪಮಾನವಾಗಿ ಕಂಡಿತು. ಡಾಲರಿಗೆ ಇಷ್ಟು ಸೆಂಟೆಂಬ ಭಾಗಶಃ ಪಾವತಿಯಲ್ಲಿ ಮುಗಿಸುವುದು ವ್ಯಾಪಾರದ ರೂಢಿ. ಪೂರ್ತಿ ಕೊಡಬೇಕೆಂದು ಅವಳು ಹಟ ಹಿಡಿದಳು. ಟ್ವೇನ್ ಒಪ್ಪಿದ. ವ್ಯಾಪಾರಿಗೆ ಕಡಿಮೆ ಕೊಟ್ಟು ಎದ್ದುಹೋಗಲು ಅವಕಾಶವಿರಬಹುದು, ಹೆಸರನ್ನೇ ಬಂಡವಾಳ ಮಾಡಿಕೊಂಡ ಬರಹಗಾರನಿಗಲ್ಲ ಎಂಬುದು ರಾಜರ್ಸ್‌ನ ಎಣಿಕೆಯೂ ಆಗಿತ್ತು.

ಎಲ್ಲ ಸಾಲದಾತರೂ ಸಹನೆ ತೋರಲಿಲ್ಲ. 1895ರ ಬೇಸಿಗೆಯಲ್ಲಿ ಅವರಲ್ಲೊಬ್ಬರು ಹೂಡಿದ ದಾವೆಯಿಂದಾಗಿ ಟ್ವೇನ್ ತನ್ನ ಆಸ್ತಿಪಾಸ್ತಿಯ ವಿಚಾರಣೆಗೆ ಗುರಿಯಾಗಬೇಕಾಯಿತು. ಅದೇ ಜುಲೈನಲ್ಲಿ ಕ್ಲೀವ್‌ಲೆಂಡಿನಿಂದ ಅವನು ಉಪನ್ಯಾಸ ಪ್ರವಾಸ ಆರಂಭಿಸಿದ. ವೇದಿಕೆಯೆಂದರೆ ಅವನಿಗೆ ಬೇಸರ ಬಂದು ಎಷ್ಟೋ ಕಾಲವಾಗಿತ್ತು. ಕುರುವಿನ ನೋವು, ಕೆಮ್ಮು ಬೇರೆ. ನಮ್ಮ ಸರ್ಕಾರ ನೌಕರರನ್ನು ಹಾರ ಹಾಕಿ ಮನೆಗೆ ಕಳುಹಿಸುವ ವಯಸ್ಸಿನಲ್ಲಿ ಅವನು ಊರೂರಿನ ರಂಗಮಂದಿರಗಳಲ್ಲಿ ನಿಂತು ಜನರನ್ನು ನಗಿಸಬೇಕಾಯಿತು. ಆಗಸ್ಟ್ 23ರಂದು ಕೆನಡಾದ ವಿಕ್ಟೋರಿಯಾ ಬಂದರಿನಿಂದ ಹಡಗು ಹತ್ತುವ ಮುನ್ನ ಅವನು ಪತ್ರಿಕೆಗಳ ಮೂಲಕ ಪೂರ್ಣ ಮೊತ್ತ ಕೊಡುವ ಸಂಕಲ್ಪವನ್ನು ಬಹಿರಂಗಪಡಿಸಿ, ಬದುಕಿದ್ದರೆ ನಾಲ್ಕು ವರ್ಷ ಸಾಕೆಂದು ಅಂದಾಜು ಕೊಟ್ಟ. ಹೆಂಡತಿ ಮತ್ತು ನಡುವಣ ಮಗಳು ಕ್ಲಾರಾ ಜೊತೆಗಿದ್ದರು. ಹಿರಿಯ ಮಗಳು ಸೂಸಿ ಮತ್ತು ಕಿರಿಯ ಮಗಳು ಜೀನ್ ಊರಿನಲ್ಲೇ ಉಳಿದರು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್ ಮುಗಿಸಿ 1896ರ ಜನವರಿಯಲ್ಲಿ ಅವನು ಮುಂಬಯಿಗೆ ಬಂದಿಳಿದ. ಪುಣೆ, ಬರೋಡ, ಅಲಹಾಬಾದ್, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಖನೌ, ಆಗ್ರಾ, ಜಯಪುರ, ಲಾಹೋರ್, ರಾವಲ್ಪಿಂಡಿಗಳವರೆಗೆ ರೈಲಿನಲ್ಲಿ ಅಲೆದ. ಹಿಂದಿರುಗುವ ದಾರಿಯಲ್ಲಿ ಹಡಗು ಮದರಾಸಿನಲ್ಲಿ ತಂಗಿತು. ನಮ್ಮ ಬೆಂಗಳೂರಿಗೆ ಅವನು ಬರಲಿಲ್ಲ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರು ದಂಡಿಗೆ ಬಂದ ಯುವ ಸೇನಾಧಿಕಾರಿ ವಿನ್ಸ್ಟನ್ ಚರ್ಚಿಲ್ ಇಲ್ಲಿನ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದು, ಅದು ವಸೂಲಾಗದ ಬಾಕಿಯೆಂದು 1899ರ ಕಡತದಲ್ಲಿ ದಾಖಲಾದದ್ದು ಬೆಂಗಳೂರಿಗರಿಗೆ ಚಿರಪರಿಚಿತ. 1900ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅದೇ ಚರ್ಚಿಲ್‌ನನ್ನು ಸಭಿಕರಿಗೆ ಪರಿಚಯಿಸಿದವನು ಟ್ವೇನ್! ನೂರು ಮಂದಿಯ ಸಾಲ ತೀರಿಸಿದವನು, 13 ರೂಪಾಯಿ ಮರೆತವನು ಒಂದೇ ವೇದಿಕೆಯ ಮೇಲೆ ನಿಂತಿದ್ದರು.

ದಕ್ಷಿಣ ಆಫ್ರಿಕಾ ಮುಗಿಸಿ 1896ರ ಜುಲೈ ಕೊನೆಗೆ ಕುಟುಂಬ ಇಂಗ್ಲೆಂಡ್ ತಲುಪಿತು. ಸೂಸಿಗೆ ಅಸ್ವಸ್ಥವೆಂದು ಸುದ್ದಿ ಬಂದಾಗ ಒಲಿವಿಯಾ ಮತ್ತು ಕ್ಲಾರಾ ಅಮೆರಿಕದ ಹಡಗು ಹತ್ತಿದರು. ಅವರು ನಡುಸಮುದ್ರದಲ್ಲಿದ್ದಾಗ, ಆಗಸ್ಟ್ 18ರಂದು, 24 ವರ್ಷದ ಸೂಸಿ ಮೆದುಳುಪೊರೆಯ ಉರಿಯೂತದಿಂದ ಹಾರ್ಟ್‌ಫರ್ಡ್ ಮನೆಯಲ್ಲಿಯೇ ತೀರಿಕೊಂಡಳು. ಇಂಗ್ಲೆಂಡಿನಲ್ಲಿ ಒಂಟಿಯಾಗಿದ್ದ ಟ್ವೇನ್‌ಗೆ ತಂತಿ ತಲುಪಿತು. ಸಾಲ ತಂದ ಪ್ರವಾಸವೇ ಮಗಳಿಂದ ತನ್ನನ್ನು ದೂರವಿಟ್ಟಿತೆಂಬ ಕೊರಗು ಅವನನ್ನು ಕೊನೆಯವರೆಗೆ ಬಿಡಲಿಲ್ಲ. ಆ ಮನೆಯಲ್ಲಿ ಕುಟುಂಬ ಮತ್ತೆಂದೂ ವಾಸ ಮಾಡಲಿಲ್ಲ. ಸಾಲ ತೀರಿಸಿದವರ ಕತೆಗಳನ್ನು ನಾವು ನೀತಿಪಾಠದಂತೆ ಮಕ್ಕಳಿಗೆ ಹೇಳುತ್ತೇವೆ. ಬಡ್ಡಿಯ ಈ ಭಾಗವನ್ನು ಹೇಳುವುದಿಲ್ಲ.

ಲಂಡನ್ನಿನ ಬಾಡಿಗೆ ಮನೆಯಲ್ಲಿ, ಆ ದುಃಖದಲ್ಲಿ, ಅವನು ಪ್ರವಾಸದ ಪುಸ್ತಕ ಬರೆದು ಮುಗಿಸಿದ. 1897ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಅವನ ಸಾಲಕ್ಕಾಗಿ ಸಾರ್ವಜನಿಕ ನಿಧಿಯೊಂದನ್ನು ಆರಂಭಿಸಿತು. ಮೊದಲು ಒಪ್ಪಿದ ಅವನು ಹೆಂಡತಿಯ ಅಸಮಾಧಾನ ಕಂಡು ಅದನ್ನು ನಿಲ್ಲಿಸಿದ. ಉಪನ್ಯಾಸ, ಪುಸ್ತಕ, ಜೊತೆಗೆ ರಾಜರ್ಸ್ ಅವನ ಹಣವನ್ನು ಜಾಣತನದಿಂದ ತೊಡಗಿಸಿ ತಂದ ಲಾಭ ಎಲ್ಲ ಸೇರಿ, 1898ರ ಆರಂಭದಲ್ಲಿ, ಅವನು ವಿಯೆನ್ನಾದಲ್ಲಿದ್ದಾಗ, ಕೊನೆಯ ಸಾಲವೂ ತೀರಿತು. ದಿವಾಳಿಯಾಗಿ ನಾಲ್ಕು ವರ್ಷ ತುಂಬಿರಲಿಲ್ಲ.

ಇನ್ನೊಂದು ವಿಚಿತ್ರವಿದೆ. 1894ರಲ್ಲಿ ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ದಿವಾಳಿ ಕಾಯ್ದೆಯೇ ಇರಲಿಲ್ಲ. 1867ರದು 1878ರಲ್ಲಿ ರದ್ದಾಗಿತ್ತು. ಋಣದಿಂದ ಬಿಡುಗಡೆ ಕೊಡುವ ಹೊಸ ಕಾಯ್ದೆ ಬಂದದ್ದು 1898ರ ಜುಲೈ 1ರಂದು. ಟ್ವೇನ್‌ನ ಸಾಲ ಪೂರ್ತಿ ತೀರಿ ಆಗ ಕೆಲವು ತಿಂಗಳಾಗಿತ್ತು.

ಇಷ್ಟಾದರೂ ಮನುಷ್ಯ ಬದಲಾಗಲಿಲ್ಲ. ಸಾಲ ತೀರಿದ ಅದೇ ವಸಂತದಲ್ಲಿ ವಿಯೆನ್ನಾದ ಸಂಶೋಧಕನೊಬ್ಬನ ನೇಯ್ಗೆಯ ವಿನ್ಯಾಸಯಂತ್ರದ ಮೇಲೆ ಹಣ ಹೂಡಲು ಓಡಾಡಿದ. ಮುಂದೆ ಪ್ಲಾಸ್ಮಾನ್ ಎಂಬ ಹಾಲಿನ ಪುಡಿಯ ಉದ್ಯಮದಲ್ಲಿ ಮತ್ತೆ ಕಳೆದುಕೊಂಡ. 1900ರಲ್ಲಿ ತಾಯ್ನಾಡಿಗೆ ಮರಳಿದಾಗ ಜನ ಅವನನ್ನು ವೀರನಂತೆ ಬರಮಾಡಿಕೊಂಡರು. 1904ರಲ್ಲಿ ಒಲಿವಿಯಾ, 1909ರಲ್ಲಿ ರಾಜರ್ಸ್, ಅದೇ ವರ್ಷದ ಕೊನೆಗೆ ಜೀನ್ ತೀರಿಹೋದರು. 1910ರ ಏಪ್ರಿಲ್ 21ರಂದು ಟ್ವೇನ್ ತೀರಿಕೊಂಡ.

ಈ ಜೀವನದಿಂದ ಸಾಲ ಪೂರ್ತಿ ತೀರಿಸು ಎಂಬ ಒಂದೇ ಪಾಠವನ್ನು ಎತ್ತಿಕೊಳ್ಳುವುದು ಸುಲಭ. ಸರ್ವಜ್ಞನಿಂದ ಹಿಡಿದು ನಮ್ಮ ಅಜ್ಜಿಯರವರೆಗೆ ಎಲ್ಲರೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಬೇರೆ. ಹಕ್ಕುಸ್ವಾಮ್ಯಗಳು ಅಂದು ಹರಾಜಿಗೆ ಹೋಗಿದ್ದರೆ ಸಾಲ ಕೊಟ್ಟವರಿಗೆ ಚಿಲ್ಲರೆ ಸಿಗುತ್ತಿತ್ತು, ಲೇಖಕನಿಗೆ ದುಡಿಯುವ ಉತ್ಸಾಹ ಉಳಿಯುತ್ತಿರಲಿಲ್ಲ. ಗಳಿಕೆಯ ಮೂಲ ಉಳಿದದ್ದರಿಂದಲೇ ಎಲ್ಲರಿಗೂ ಪೂರ್ತಿ ಸಿಕ್ಕಿತು. ಹೊತ್ತು ನೋಡಿ ದಿವಾಳಿಯಾಗುವುದು ತಾನಾಗಿಯೇ ಪಾಪವಲ್ಲ. ಹಾಗೆ ಉಳಿಸಿಕೊಂಡದ್ದನ್ನು ಮುಂದೆ ಯಾವುದಕ್ಕೆ ಬಳಸುತ್ತೇವೆ ಎಂಬುದು ಅದರ ಗುಣವನ್ನು ನಿರ್ಧರಿಸುತ್ತದೆ.

ಜೊತೆಗೆ ಇದನ್ನೂ ಹೇಳಬೇಕು. ಟ್ವೇನ್‌ಗೆ ಜಗತ್ತೇ ಕೇಳಲು ಕಾದಿದ್ದ ಕಂಠವಿತ್ತು, ರಾಜರ್ಸ್‌ನಂಥ ಸ್ನೇಹಿತನಿದ್ದ. ಇವೆರಡೂ ಇಲ್ಲದವನಿಂದ ಅದೇ ಸಾಹಸವನ್ನು ನಿರೀಕ್ಷಿಸುವುದು ಕ್ರೌರ್ಯ. ನಮ್ಮಲ್ಲಿ ಪಾಪರ್ ಎಂಬುದು ಬೈಗುಳವಾಗಿ ಉಳಿದಿರುವುದಕ್ಕೆ ಜನರ ಮನಸ್ಸಿನಷ್ಟೇ, ಪ್ರಾಮಾಣಿಕವಾಗಿ ಸೋತವನಿಗೂ ಟೋಪಿ ಹಾಕಿದವನಿಗೂ ನಡುವೆ ಸ್ಪಷ್ಟ ಗೆರೆ ಎಳೆದು ಬೇಗ ತೀರ್ಮಾನ ಕೊಡುವ ವ್ಯವಸ್ಥೆಯ ಕೊರತೆಯೂ ಕಾರಣ. 2016ರ ಸಂಹಿತೆಯ ವೈಯಕ್ತಿಕ ಭಾಗ ಸಣ್ಣ ಮಾಲೀಕನಿಗೂ ತಲುಪಬೇಕು. ಅದರ ಆದಾಯ, ಆಸ್ತಿ, ಸಾಲದ ಮಿತಿಗಳು ಇಂದಿನ ಬೆಲೆಗಳಿಗೆ ಹೊಂದಬೇಕು. ದೊಡ್ಡ ಕಂಪನಿಗಳ ಸಾಲ ಪುನಾರಚನೆಗೊಂಡಾಗ ಅದನ್ನು ಪರಿಹಾರವೆಂದು ಕರೆಯುವ ನಾವು, ಕಲ್ಲು ಕೊಯ್ಯುವವನ ಸಾಲಕ್ಕೆ ಮಾತ್ರ ಮರ್ಯಾದೆಯ ಪ್ರಶ್ನೆ ಎತ್ತುವುದು ನ್ಯಾಯವಲ್ಲ. ನನ್ನ ಅಮ್ಮನ ಸಿಟ್ಟು ನನಗೆ ಇಂದಿಗೂ ಅರ್ಥವಾಗುತ್ತದೆ. ಆದರೆ ಆಕೆಯ ಸಿಟ್ಟು ತಲುಪಬೇಕಾಗಿದ್ದುದು ಸೋತ ಮನುಷ್ಯನಿಗಲ್ಲ, ಜಾಮೀನುದಾರನ ತಲೆಯ ಮೇಲೆ ಭಾರ ಹೊರಿಸಿ ಸುಮ್ಮನಾದ ಏರ್ಪಾಡಿಗೆ.

ನಮ್ಮ ಉದ್ಯಮಿ ಪುಸ್ತಕವನ್ನು ಮೂರು ವಾರಗಳ ನಂತರ ಹಿಂದಿರುಗಿಸಿದರು. ನಿವೇಶನವನ್ನು ಹೆಂಡತಿಯ ಹೆಸರಿಗೆ ಮಾಡಿಸಿಲ್ಲ. ಕೊಡಬೇಕಾದವರ ಪಟ್ಟಿಯೊಂದನ್ನು ಬರೆದು ತಂದಿದ್ದರು. ಕೆಲಸಗಾರರ ಬಾಕಿ ಕೂಲಿ ಮತ್ತು ಭವಿಷ್ಯ ನಿಧಿ ಮೊದಲು, ಕಲ್ಲು ಸಾಲಕ್ಕೆ ಕೊಟ್ಟ ಸಣ್ಣ ಗಣಿಯವರು ಆಮೇಲೆ, ಬ್ಯಾಂಕು ಕೊನೆಗೆ. ನಿವೇಶನ ಮಾರಿದರೆ ಮೊದಲಿನ ಎರಡು ಬಾಬತ್ತು ತೀರಬಹುದು. ದಿವಾಳಿಯ ವಿಚಾರಣೆ ಹತ್ತಿರವಿರುವಾಗ ಹೀಗೆ ಕೆಲವರಿಗೆ ಮೊದಲು ಕೊಡುವುದನ್ನೂ ಕಾನೂನು ಪ್ರಶ್ನಿಸಬಹುದೆಂದು, ವಕೀಲರಿಗೆ ತೋರಿಸಿ ಮುಂದುವರಿಯಬೇಕೆಂದು ನಾನು ಎಚ್ಚರಿಸಿದೆ. ಅರ್ಜಿ ಹಾಕುವುದೋ ಬಿಡುವುದೋ ಅವರು ಇನ್ನೂ ತೀರ್ಮಾನಿಸಿಲ್ಲ. ಹಾಕಿದರೆ ಅವರ ಬಗ್ಗೆ ನನ್ನ ಗೌರವ ಕಡಿಮೆಯಾಗದು. ಹೊಸ ಕೆಲಸಕ್ಕೆ ಹೊರಡುವ ಹಿಂದಿನ ದಿನ ಅವರು ಮತ್ತೊಮ್ಮೆ ಬಂದು, ಟ್ವೇನ್ ದಿವಾಳಿಯಾದಾಗ ಅವನಿಗೆ ಎಷ್ಟು ವಯಸ್ಸೆಂದು ಕೇಳಿದರು. 58 ಎಂದೆ. ತಮಗೆ 54 ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.